ಪೇಟೆ ತೋರುವವಳು

ಆ ಊರಿನ ಹೊಳೆ ಎಲ್ಲಿ ಹುಟ್ಟುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಹಳೇಪೇಟೆಯ ಗೋಡೆಯನ್ನು ಬಳಸಿ ಹೋಗುವಾಗ ಅದು ನಿಧಾನವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ಹೊಳೆಯ ಮೇಲೆ ದೋಣಿಯಲ್ಲಿ ಬಂದವರು, ಬೆಟ್ಟದ ಕಡೆಯಿಂದ ಹೇಸರಗತ್ತೆಗಳ ಮೇಲೆ ಬಂದವರು, ಎಲ್ಲಿಂದಲೋ ಅಟ್ಟಿಸಿಕೊಂಡು ಬರಿಗಾಲಲ್ಲಿ ಬಂದವರು, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅಲ್ಲಿ ಗಂಟು ಇಳಿಸಿದ್ದರು. ಉಪ್ಪಿನವರ ಓಣಿ, ಮಗ್ಗದವರ ಓಣಿ, ರೊಟ್ಟಿ ಸುಡುವ ಭಟ್ಟಿಯವರ ಓಣಿ, ಬಾಚಣಿಗೆಯವರ ಓಣಿ. ಒಬ್ಬೊಬ್ಬರಿಗೆ ಒಂದೊಂದು ದೇವರು, ಒಬ್ಬೊಬ್ಬರಿಗೆ ಒಂದೊಂದು ಮಾತು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಿದ್ದರು. ಬಾಗಿಲುಗಳು ಎಷ್ಟು ಗಿಡ್ಡವೆಂದರೆ ಯಾರೇ ಆಗಲಿ ಯಾರ ಮನೆಗೇ ಆಗಲಿ ತಲೆ ಬಗ್ಗಿಸಿಯೇ ಹೋಗಬೇಕಿತ್ತು. ಜಗಳ ಬಂದರೆ ಎದುರಾಳಿಯ ಭಾಷೆಯಲ್ಲೇ ಬೈಯುತ್ತಿದ್ದರು. ಬೈದದ್ದು ಅವನಿಗೆ ತಿಳಿಯಬೇಕಲ್ಲ!

ಗೋಡೆಯ ಆಚೆ ಹೊಸ ಊರು ಬೆಳೆದಿತ್ತು. ಹೊಸ ಊರನ್ನು ಒಂದು ಸಭೆ ಆಳುತ್ತಿತ್ತು. ಒಂದು ದಿನ ಸಭೆಯ ಹಿರಿಯ ಪೇಟೆಯ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅವನ ಹಿಂದೆ ಹಾರೆ ಪಿಕಾಸಿ ಹೊತ್ತು ಕೆಡಹುವವರು ಬಂದರು. ಹಿರಿಯ ಒಳ್ಳೆಯ ಮಾತಿನವನು. ಬಾವಿಕಟ್ಟೆಯ ಮೇಲೆ ನಿಂತು, ಮದುವೆಗೆ ಕರೆಯುವಷ್ಟು ಮೃದುವಾಗಿ ಹೇಳಿದ: "ಇನ್ನು ಮೇಲೆ ಯಾರಾದರೂ ನೋಡಲು ಬರುವಂಥದ್ದು ಉಳಿಯುತ್ತದೆ. ಯಾರೂ ನೋಡಲು ಬಾರದ್ದು ಬೀಳುತ್ತದೆ. ಅಲ್ಲಿ ರಸ್ತೆ ಬರುತ್ತದೆ."

ಪೇಟೆಯ ಮುದುಕರು ಮುಖ ಮುಖ ನೋಡಿಕೊಂಡರು. "ನಮ್ಮಲ್ಲಿ ನೋಡೋವಂಥದ್ದು ಏನಿದೆ ಸ್ವಾಮಿ? ಏನೋ ಬದುಕ್ತಾ ಇದೀವಿ, ಅಷ್ಟೆ" ಎಂದರು.

"ಅದನ್ನೇ ತೋರಿಸಿ" ಎಂದ ಹಿರಿಯ.

ತೋರಿಸುವುದು ಯಾರು? ಆ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲರ ಕಣ್ಣೂ ಬಾವಿಯವನ ಮಗಳ ಮೇಲೆ ನಿಂತವು. ಅವಳ ಅಪ್ಪ ಪೇಟೆಯ ಒಂದೇ ಒಂದು ಸಿಹಿನೀರಿನ ಬಾವಿಯನ್ನು ಕಾಯುವವನು. ಚಿಕ್ಕಂದಿನಿಂದ ಅವಳು ಆ ಬಾವಿಯ ನೀರನ್ನು ಸೊಂಟದ ಮೇಲೆ ಹೊತ್ತು ಮನೆಮನೆಗೆ ಹೋದವಳು. ಯಾವ ಅಡುಗೆಮನೆಯಲ್ಲಿ ಯಾವ ಕೊಡ ಎಲ್ಲಿರುತ್ತದೆಂದು ಬಲ್ಲವಳು. ಉಪ್ಪಿನವರ ಮಾತಿನಲ್ಲಿ ನಗಬಲ್ಲವಳು, ಮಗ್ಗದವರ ಮಾತಿನಲ್ಲಿ ಚೌಕಾಸಿ ಮಾಡಬಲ್ಲವಳು, ಭಟ್ಟಿಯವರ ಮಾತಿನಲ್ಲಿ ಮಗುವನ್ನು ಮಲಗಿಸಬಲ್ಲವಳು. ಮದುವೆಯಾಗಿರಲಿಲ್ಲ. ಪೇಟೆಯೆಲ್ಲ ತನ್ನ ಮನೆ ಎಂಬಂತೆ ಓಡಾಡಿಕೊಂಡಿದ್ದಳು.

"ನೀನೇ ಹೇಳು ತಾಯಿ" ಎಂದರು ಮುದುಕರು. "ನಿನಗೆ ತಿಳಿಯದ ಹೊಸ್ತಿಲು ಇಲ್ಲಿ ಯಾವುದಿದೆ?"

ಹಿರಿಯ ಅವಳ ಕೈಗೆ ಒಂದು ಕೆಂಪು ಕೊಡೆ ಕೊಟ್ಟ. ಮಳೆಗಲ್ಲ, ಬಿಸಿಲಿಗಲ್ಲ, ಎತ್ತಿ ಹಿಡಿದರೆ ಹಿಂದೆ ಬರುವವರಿಗೆ ಕಾಣಲೆಂದು. ಅವತ್ತಿನಿಂದ ಅವಳು ತೋರುವವಳಾದಳು. ಬರುವವರು ನೋಡುವವರಾದರು.

ಮೊದಲ ಗುಂಪು ಬಂದಾಗ ಅವಳು ಪೇಟೆಯ ಬಾಗಿಲಲ್ಲಿ ಕೊಡೆ ಎತ್ತಿ ಹಿಡಿದಳು. "ಬನ್ನಿ, ನಿಧಾನ ಬನ್ನಿ, ತಲೆ ಬಗ್ಗಿಸಿ ಬನ್ನಿ" ಎಂದಳು. ನೋಡುವವರು ಬಗ್ಗಿ ಬಂದರು. ಬಿಳಿಯ ಬಟ್ಟೆ ತೊಟ್ಟವರು, ಮೆತ್ತಗೆ ಮಾತಾಡುವವರು, ಸಣ್ಣಸಣ್ಣದಕ್ಕೆಲ್ಲ ಆಹಾ ಎನ್ನುವವರು. ಅವಳು ಅವರನ್ನು ಭಟ್ಟಿಯವನ ಮನೆಮುಂದೆ ನಿಲ್ಲಿಸಿದಳು. ಅವನು ಅವಳಿಗೆ ಅಣ್ಣನಂಥವನು. ಬಾಗಿಲಲ್ಲಿ ನಿಂತು, ಕೈಗೆ ಹಿಟ್ಟು ಮೆತ್ತಿಕೊಂಡು, ನಾಚಿಕೊಂಡು ನಗುತ್ತಿದ್ದ.

"ಈ ಮನೆಯ ಅಜ್ಜಿ ಬೆಟ್ಟದಾಚೆಯ ಊರಿನಲ್ಲಿದ್ದಳು" ಎಂದು ಅವಳು ಶುರುಮಾಡಿದಳು. "ಬೆಂಕಿ ಹಚ್ಚುವವರು ಬಂದ ದಿನ ಎಲ್ಲರೂ ಬಂಗಾರ ಕಟ್ಟಿಕೊಂಡು ಓಡಿದರು. ಈ ಅಜ್ಜಿ ಒಂದು ಮುಷ್ಟಿ ಹುಳಿಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡಳು. ಚಳಿಗೆ ಅದು ಸಾಯಬಾರದೆಂದು ದಾರಿಯುದ್ದಕ್ಕೂ ಮಗ್ಗುಲಾಗಿ ಮಲಗಿದಳು. ಇವತ್ತಿಗೂ ಈ ಭಟ್ಟಿಯ ರೊಟ್ಟಿ ಉಬ್ಬುವುದು ಆ ಒಂದು ಮುಷ್ಟಿ ಹಿಟ್ಟಿನಿಂದ."

ನೋಡುವವರು ಆಹಾ ಎಂದರು. ಒಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಸಂಜೆಗೆ ಸಭೆಯ ಆಳು ಬಂದು ಭಟ್ಟಿಯವನ ಬಾಗಿಲ ನೆತ್ತಿಗೆ ಒಂದು ನೀಲಿ ಬಿಲ್ಲೆ ಬಡಿದು ಹೋದ. ಬಿಲ್ಲೆ ಇರುವ ಮನೆಯನ್ನು ಕೆಡಹುವವರು ಮುಟ್ಟುವಂತಿಲ್ಲ. ಭಟ್ಟಿಯವನು ಅವಳಿಗೆ ಬಿಸಿ ರೊಟ್ಟಿ ಕಟ್ಟಿಕೊಟ್ಟು, "ಮನೆ ಉಳಿಸಿದೆ ಕಣೇ ತಂಗಿ" ಎಂದ.

ಮಾರನೆ ಬೆಳಿಗ್ಗೆ ಅವನು ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಹಿಟ್ಟಿನ ಮಡಕೆ.

"ಇದನ್ನ ಸ್ವಲ್ಪ ಮೂಸಿ ನೋಡು."

ಅವಳು ಮೂಸಿದಳು. ಹುಳಿಯಿಲ್ಲ, ಬಿಸಿಯಿಲ್ಲ, ಉಸಿರಿಲ್ಲ. ಒದ್ದೆ ಮಣ್ಣಿನ ಹಾಗೆ ತಣ್ಣಗೆ ಕೂತಿತ್ತು.

"ಸತ್ತಿದೆ" ಎಂದ ಭಟ್ಟಿಯವನು. "ಬೇರೆ ಮಾಡೋಣ ಅಂದ್ರೆ ಕೈಗೆ ತಿಳೀತಿಲ್ಲ. ಮೊದಲು ಏನು ಹಾಕ್ತಿದ್ದೆ, ಎಷ್ಟೊತ್ತು ಮುಚ್ಚಿಡ್ತಿದ್ದೆ, ಏನೂ ಹೊಳೀತಿಲ್ಲ. ಅಜ್ಜಿ ನೆನಪಿಗೆ ಬರ್ತಾಳೇನೋ ಅಂತ ಕಣ್ಣು ಮುಚ್ಚಿಕೊಂಡ್ರೆ ನೀನು ನೆನ್ನೆ ಹೇಳಿದ ಮಾತೇ ಬರುತ್ತೆ. 'ಹೊಟ್ಟೆಗೆ ಕಟ್ಟಿಕೊಂಡಳು, ಮಗ್ಗುಲಾಗಿ ಮಲಗಿದಳು.' ಅಜ್ಜಿಯ ಮುಖ ಬರ್ತಿಲ್ಲ."

ಹೀಗೆ ಪೇಟೆಗೆ ಆ ನಿಯಮ ತಿಳಿಯಿತು. ನೋಡುವವರಿಗೆ ಹೇಳಿದ್ದು ಕೇಳಿಸಿಕೊಂಡವರ ಪಾಲಾಗುತ್ತದೆ, ಬದುಕಿದವರಿಗೆ ಉಳಿಯುವುದಿಲ್ಲ. ಗೋಡೆ ನಿಲ್ಲುತ್ತದೆ, ಗೋಡೆಯೊಳಗಿನದು ಹೋಗುತ್ತದೆ.

ತಿಳಿದ ಮೇಲೆ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುವುದು ಸುಲಭ. ಗೋಡೆಯ ಬುಡದಲ್ಲಿ ಕೆಡಹುವವರು ಹಾರೆ ಊರಿಕೊಂಡು ಕೂತಿದ್ದರು. ಬೆಳಗ್ಗೆ ಬರುತ್ತಿದ್ದರು, ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು, ಸಂಜೆ ಎದ್ದು ಹೋಗುತ್ತಿದ್ದರು. ಯಾರನ್ನೂ ಬೈಯಲಿಲ್ಲ, ಹೆದರಿಸಲಿಲ್ಲ. ಆದರೂ ಪೇಟೆಯ ಹೆಂಗಸರು ಅವಳ ಬಾಗಿಲಿಗೆ ಬಂದು ನಿಂತರು.

"ನಮ್ಮ ಮನೇದೂ ಒಂದು ಹೇಳೇ."

"ದೊಡ್ಡದು ಬೇಡ, ಸಣ್ಣದು ಯಾವುದಾದ್ರೂ ಹೇಳು. ನಮ್ಮತ್ತೆ ಹೇಳ್ತಿದ್ದ ಒಗಟು ಒಂದಿದೆ, ಅದನ್ನ ಕೊಟ್ಟುಬಿಡ್ತೀವಿ."

ಒಗಟು ಹೋಯಿತು. ಒಂದು ಮನೆಯವರು ಬಾಣಂತಿಗೆ ಕಾಯಿಸುವ ಕಷಾಯವನ್ನು ಕೊಟ್ಟರು. ಒಂದು ಮನೆಯವರು ಮೊದಲ ಹಲ್ಲು ಬಿದ್ದ ಮಗುವಿಗೆ ಹಾಡುವ ಹಾಡನ್ನು ಕೊಟ್ಟರು. ಸಣ್ಣದೆಂದು ಕೊಟ್ಟರು, ಕೊಟ್ಟ ಮೇಲೆ ಸಣ್ಣದಾಗಿರಲಿಲ್ಲವೆಂದು ತಿಳಿಯಿತು. ಹಲ್ಲು ಬಿದ್ದ ಮಕ್ಕಳು ಬೊಚ್ಚು ಬಾಯಿ ಬಿಟ್ಟುಕೊಂಡು ಅಮ್ಮಂದಿರ ಮುಖ ನೋಡುತ್ತಿದ್ದವು. ಅಮ್ಮಂದಿರು ಬೇರೆ ಕಡೆ ನೋಡುತ್ತಿದ್ದರು.

ಬಾಚಣಿಗೆಯವರ ಓಣಿಯಲ್ಲಿ ಒಬ್ಬ ಜಾಣನಿದ್ದ. ಕೊಂಬಿನಲ್ಲಿ ಬಾಚಣಿಗೆ ಕೊರೆಯುವವನು, ಮಾತಿನಲ್ಲೂ ನಯವಾಗಿ ಕೊರೆಯುವವನು. "ನಿಜ ಯಾಕೆ ಕೊಡಬೇಕು?" ಎಂದ. "ಸುಳ್ಳು ಕೊಡು ತಂಗಿ. ನಮ್ಮ ಮುತ್ತಜ್ಜ ರಾಣಿಯ ತಲೆ ಬಾಚಿದ್ದ ಅಂತ ಹೇಳು. ರಾಣಿ ಅವನನ್ನ ಪ್ರೀತಿಸಿದ್ದಳು ಅಂತ ಸೇರಿಸು."

ಅವಳು ಹಾಗೇ ಹೇಳಿದಳು. ಕೊಡೆ ಎತ್ತಿ, ದನಿ ಏರಿಸಿ, ಇಳಿಸಿ, ಚೆನ್ನಾಗಿಯೇ ಹೇಳಿದಳು. ನೋಡುವವರು ಆಕಳಿಸಿದರು. ಒಬ್ಬ ಮೋಡ ನೋಡಿದ. ಸಂಜೆ ಸಭೆಯ ಆಳು ಬಿಲ್ಲೆ ತರಲಿಲ್ಲ. ಮಾರನೆ ದಿನ ಕೆಡಹುವವರು ಎದ್ದು, ಮೈಮುರಿದು, ಅಂಗಿಯ ತೋಳು ಮಡಿಸಿಕೊಂಡು ಬಾಚಣಿಗೆಯವರ ಓಣಿಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಬಿಸಿಲು ಬಿದ್ದಿತ್ತು, ಆವರೆಗೆ ಎಂದೂ ಬಿಸಿಲು ಬೀಳದ ಜಾಗದಲ್ಲಿ. ಬಾಚಣಿಗೆಯವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಳೆ ದಾಟಿ ಹೋದ. ಅವನಿಗೆ ಅವನ ಮುತ್ತಜ್ಜ ನೆನಪಿದ್ದ, ಮನೆಯಿರಲಿಲ್ಲ. ಹೋಗುವಾಗ ಅವನು ಅವಳನ್ನು ಬೈಯಲಿಲ್ಲ. "ನಿನ್ನ ಸುಳ್ಳು ಚೆನ್ನಾಗಿತ್ತು" ಎಂದ, ಅಷ್ಟೆ.

ನೋಡುವವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಒಂದಿತ್ತು. "ಇಷ್ಟೊಂದು ಬಗೆಯ ಜನ ಇಲ್ಲಿ ಹೇಗೆ ಒಟ್ಟಿಗಿದ್ದೀರಿ? ಅದನ್ನು ತೋರಿಸಿ" ಎನ್ನುತ್ತಿದ್ದರು. ಅವಳು ತಡೆಯುವಷ್ಟು ದಿನ ತಡೆದಳು. ಆಮೇಲೆ ಉಪ್ಪಿನವರ ಓಣಿಗೂ ಮಗ್ಗದವರ ಓಣಿಗೂ ನಡುವೆ ಇದ್ದ ಎರಡು ಮನೆಗಳ ಸರದಿ ಬಂತು. ಎರಡಕ್ಕೂ ಹಾರೆಯ ಗುರುತು ಹಾಕಿದ್ದರು.

ಆ ಎರಡು ಮನೆಗಳಿಗೆ ಒಂದೇ ಗೋಡೆ. ಗೋಡೆಯಲ್ಲಿ ಒಂದು ಗಂಡಿ, ತುಂಬಿದ ದೊಡ್ಡ ಬಟ್ಟಲು ತೂರುವಷ್ಟು. ಆಚೆ ಉಪ್ಪಿನ ಮನೆಯಾಕೆ, ಈಚೆ ಮಗ್ಗದ ಮನೆಯಾಕೆ. ಒಬ್ಬಳು ಉಪವಾಸ ಇದ್ದ ದಿನ ಇನ್ನೊಬ್ಬಳು ಒಗ್ಗರಣೆ ಹಾಕುತ್ತಿರಲಿಲ್ಲ. ಒಬ್ಬಳ ಹಬ್ಬದ ದಿನ ಇನ್ನೊಬ್ಬಳು ಒಲೆಯನ್ನೇ ಹಚ್ಚುತ್ತಿರಲಿಲ್ಲ. ಹಿಂದೊಮ್ಮೆ ಎರಡು ಓಣಿಯ ಗಂಡಸರು ಬೀದಿಯಲ್ಲಿ ಕತ್ತಿ ಹಿಡಿದು ನಿಂತಾಗ, ಮಗ್ಗದ ಮನೆಯ ಹಸುಗೂಸನ್ನು ಆ ಗಂಡಿಯಲ್ಲಿ ಉಪ್ಪಿನ ಮನೆಗೆ ದಾಟಿಸಿದ್ದರು. ಆಕೆ ತನ್ನ ಮಗುವಿನ ಜೊತೆಗೆ ಅದಕ್ಕೂ ಹಾಲು ಕೊಟ್ಟು, ಗಲಾಟೆ ತಣ್ಣಗಾದ ಮೇಲೆ ಅದೇ ಗಂಡಿಯಲ್ಲಿ ವಾಪಸು ಕೊಟ್ಟಿದ್ದಳು. "ನಿನ್ನ ಮಗ ಕಚ್ಚುತ್ತಾನೆ ಕಣೆ" ಎಂದಷ್ಟೇ ಹೇಳಿದ್ದಳಂತೆ.

ತೋರುವವಳು ಇದನ್ನು ಹೇಳಿದ ದಿನ ನೋಡುವವರು ಗಂಡಿಯ ಮುಂದೆ ಸಾಲು ನಿಂತರು. ಒಬ್ಬೊಬ್ಬರೂ ಒಳಗೆ ಕೈ ಹಾಕಿ ನೋಡಿದರು. ಎರಡು ಮನೆಗೂ ನೀಲಿ ಬಿಲ್ಲೆ ಬಂತು.

ಮುಂದಿನ ಸಲ ಗುಂಪಿನೊಂದಿಗೆ ಹೋದಾಗ ಇಬ್ಬರೂ ಗಂಡಿಯ ಆಚೀಚೆ ನಿಂತಿದ್ದರು. ಬಟ್ಟಲು ಈ ಕಡೆಯಿಂದ ಆ ಕಡೆಗೆ ಹೋಯಿತು. ಆ ಕಡೆಯಿಂದ ಈ ಕಡೆಗೆ ಬಂತು. ಅದರಲ್ಲಿ ಏನೂ ಇರಲಿಲ್ಲ. ನೋಡುವವರು ಚಪ್ಪಾಳೆ ತಟ್ಟಿ ಮುಂದೆ ಹೋದ ಮೇಲೆ ಉಪ್ಪಿನ ಮನೆಯಾಕೆ ಕೇಳಿದಳು: "ನಾನು ನಿನಗೆ ಏನು ಕೊಡ್ತಿದ್ದೆ?"

"ಏನೋ ಕೊಡ್ತಿದ್ದಿ" ಎಂದಳು ಮಗ್ಗದ ಮನೆಯಾಕೆ. "ಬಟ್ಟಲು ಮಾತ್ರ ನೆನಪಿದೆ."

"ನಿನ್ನ ಮಗನಿಗೆ ನಾನು ಹಾಲು ಕೊಟ್ಟೆ ಅಂತ ಇವಳು ಹೇಳ್ತಾಳೆ. ಹೌದಾ?"

"ಹೇಳ್ತಾಳೆ. ಇರಬೇಕು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಸಂತೆಯಲ್ಲಿ ಅಕ್ಕಪಕ್ಕ ನಿಂತ ಬೇರೆ ಊರಿನವರ ಹಾಗೆ. ಆಮೇಲೆ ಮಗ್ಗದ ಮನೆಯಾಕೆ ಗಂಡಿಗೆ ಒಂದು ಹಲಗೆ ಆನಿಸಿ, "ಗಾಳಿ ಬರುತ್ತೆ" ಎಂದಳು.

ಆವತ್ತು ತೋರುವವಳು ನೇರ ಸಭೆಗೆ ಹೋಗಿ ಕೆಂಪು ಕೊಡೆಯನ್ನು ಹಿರಿಯನ ಮುಂದೆ ಇಟ್ಟಳು.

"ನನ್ನ ಕೈಲಾಗಲ್ಲ ಸ್ವಾಮಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹಿರಿಯ ಕೊಡೆಯನ್ನು ಮುಟ್ಟಲಿಲ್ಲ. "ನೋಡಿಕೊಳ್ಳಬಹುದು" ಎಂದ. "ಆದರೆ ತಿಳಿಯದವರು ಹೇಳಿದರೆ ಸುಳ್ಳು ಬೆರೆಯುತ್ತದೆ. ಸುಳ್ಳು ಬೆರೆತರೆ ಮನೆ ಬೀಳುತ್ತದೆ. ಅದು ನಿನಗೆ ಸರಿಯೇ?"

"ನಿಜ ಹೇಳಿದ್ರೆ ಮನೆಯೊಳಗಿದ್ದದ್ದು ಬೀಳುತ್ತೆ."

"ಕಲ್ಲು ಉಳಿಯಿತಲ್ಲ ತಾಯಿ. ಕಲ್ಲು ಇದ್ದರೆ ನಾಳೆ ಏನಾದರೂ ತುಂಬಿಕೊಳ್ಳಬಹುದು." ಅವನು ನಿಜವಾಗಿಯೂ ಹಾಗೆಂದು ನಂಬಿದ್ದ. ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಅವಳಿಗೆ ಕುಡಿಯಲು ಮಜ್ಜಿಗೆ ತರಿಸಿದ. ಕುಡಿದು, ಕೊಡೆ ಎತ್ತಿಕೊಂಡು ಬಂದಳು.

ಕಡೆಗೆ ಉಳಿದದ್ದು ಅವಳ ಸ್ವಂತ ಓಣಿ. ಅದರ ಒಂದು ತುದಿಗೆ ಬಾವಿ ಮತ್ತು ಅವಳ ಮನೆ. ಇನ್ನೊಂದು ತುದಿಗೆ ಅಳುವಜ್ಜಿಯ ಮನೆ.

ಅಳುವಜ್ಜಿ ಮೂಲದಲ್ಲಿ ಯಾವ ಓಣಿಯವಳೆಂದು ಯಾರಿಗೂ ಗೊತ್ತಿರಲಿಲ್ಲ. ಪೇಟೆಯ ಯಾವ ಮನೆಯಲ್ಲಿ ಸಾವಾದರೂ ಅವಳು ಕರೆಯದೆಯೇ ಬರುತ್ತಿದ್ದಳು. ತಲೆ ಬಗ್ಗಿಸಿ ಒಳಗೆ ಬಂದು, ಸತ್ತವರ ತಲೆಯ ಹತ್ತಿರ ಕಾಲು ಚಾಚಿ ಕೂತು, ಮೊದಲು ಮನೆಯವರನ್ನು ಕೇಳುತ್ತಿದ್ದಳು: "ಇವನಿಗೆ ಏನು ತಿನ್ನೋದು ಅಂದ್ರೆ ಆಸೆ?" ಕುಂಬಳಕಾಯಿಯೋ ಒಣಮೀನೋ ಬೆಲ್ಲದ ಪಾಕವೋ, ಏನೆಂದರೆ ಅದರಿಂದ ಶುರುಮಾಡುತ್ತಿದ್ದಳು. ಆ ಮನೆಯ ಮಾತಿನಲ್ಲೇ ಹಾಡಿ ಬೈಯುತ್ತಿದ್ದಳು. ಮೀನು ಹುರಿಯೋಕೆ ಹಾಕಿ ಹೋದೆಯಲ್ಲೋ ದಂಡಪಿಂಡ, ತಿರುಗಿಸಿ ಹಾಕೋರು ಯಾರೋ, ಸೀದುಹೋಯ್ತಲ್ಲೋ. ಮನೆಯವರು ಮೊದಲು ನಕ್ಕುಬಿಡುತ್ತಿದ್ದರು. ನಗು ಅರ್ಧ ದಾರಿಯಲ್ಲಿ ತಿರುಗಿ ಅಳುವಾಗುತ್ತಿತ್ತು. ಸತ್ತವರ ಬಟ್ಟೆಯ ಅಂಚನ್ನು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದಳು. ಅದನ್ನು ಹಿಡಿದವರಿಗೆ, ಜನ್ಮದಲ್ಲಿ ಅಳದವರಿಗೂ, ಕಣ್ಣು ಒಡೆಯುತ್ತಿತ್ತು. ಕತ್ತಿ ಹಿಡಿದು ಬಡಿದಾಡಿದ ಎರಡು ಓಣಿಯವರು ಒಬ್ಬರ ಸಾವಿಗೆ ಒಬ್ಬರು ಅತ್ತದ್ದು ಅವಳಿಂದ.

ತೋರುವವಳು ಅವಳ ಹತ್ತಿರ ಹೋದಳು. ಅಜ್ಜಿ ಅಕ್ಕಿ ಆರಿಸುತ್ತಿದ್ದಳು.

"ಅಜ್ಜಿ, ಓಣಿಯ ಬಾಯಲ್ಲಿ ಹಾರೆ ಬಂದು ಕೂತಿದೆ."

"ನೋಡಿದೆ."

"ನಿಮ್ಮದನ್ನ ಹೇಳಲಾ?"

"ಬೇಡ" ಎಂದಳು ಅಜ್ಜಿ. ತಲೆಯೆತ್ತಲೂ ಇಲ್ಲ. "ನನ್ನ ಮನೆ ಬೀಳಲಿ. ಅದು ನನ್ನದಲ್ಲ ಮಗಳೇ, ಪೇಟೆಯದು. ನನ್ನ ಮಾಡು ಉಳಿಸ್ಕೊಳ್ಳೋಕೆ ಪೇಟೆಯ ಕಣ್ಣೀರು ಕೊಡೋಕಾಗುತ್ತಾ?"

"ನಿಮ್ಮ ಮನೆ ಒಂದೇ ಅಲ್ಲ ಅಜ್ಜಿ. ಓಣಿ ಪೂರಾ ಹೋಗುತ್ತೆ. ಅಪ್ಪ ಮಲಗಿದ್ದಾನೆ."

ಅಜ್ಜಿಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿತು.

ಅಪ್ಪ ಮಲಗಿ ಬಹಳ ದಿನವಾಗಿತ್ತು. ಕಾಲು ಸತ್ತಿದ್ದವು. ಬಾವಿಯ ಕಡೆಯ ಕಿಟಕಿಗೆ ಮಂಚ ಹಾಕಿಸಿಕೊಂಡಿದ್ದ. ಯಾರಾದರೂ ನೀರು ಸೇದಿದಾಗ ರಾಟೆಯ ಸದ್ದು ಕೇಳಿ, "ಮಗ್ಗದವರ ಸೊಸೆ, ಹಗ್ಗ ಜಾರಿಸ್ತಾಳೆ" ಎಂದೋ "ಭಟ್ಟಿಯವನು, ಎರಡು ಕೊಡ ಸಾಲದು ಅವನಿಗೆ" ಎಂದೋ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅವಳು ಅವನ ಪಕ್ಕ ಕೂತು ಗಂಜಿ ಕುಡಿಸಿದಳು.

"ಅಪ್ಪಾ, ಬಾವಿಯ ಕಥೆ ಹೇಳಿಬಿಡ್ಲಾ? ಓಣಿ ಉಳಿಯುತ್ತೆ."

ಅವನು ಗಂಜಿಯನ್ನು ನುಂಗದೆ ಹಾಗೇ ಹಿಡಿದ. ಆಮೇಲೆ ನುಂಗಿ ಹೇಳಿದ: "ಬಾವಿ ಬೇಡ. ಪೇಟೆ ಏನು ಕುಡಿಯುತ್ತೆ?"

"ಹಾಗಾದ್ರೆ ನಿನ್ನನ್ನ ಮಂಚ ಸಮೇತ ಹೊಳೆಯಾಚೆಗೆ ಹೊತ್ತುಕೊಂಡು ಹೋಗಬೇಕಾಗುತ್ತೆ."

ಹೊರಗೆ ಯಾರೋ ನೀರು ಸೇದಿದರು. ಅಪ್ಪ ಕಿವಿಗೊಟ್ಟ. "ಇಲ್ಲೇ ಸಾಯ್ತೀನಿ ಮಗಾ" ಎಂದ, ಬೇಡುವವನ ದನಿಯಲ್ಲಿ. "ಈ ಸದ್ದು ಕೇಳ್ತಾ ಸಾಯ್ತೀನಿ. ಬೇರೆ ಏನೂ ಕೇಳಲ್ಲ ನಿನ್ನನ್ನ."

ಅವಳು ಬಟ್ಟಲು ತೊಳೆದಿಟ್ಟಳು. ನೀರು ದಿನಾ ಬೇಕು. ಅಳು ಯಾವಾಗಲೋ ಒಮ್ಮೆ ಬೇಕು ಎಂದು ಯೋಚಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕಿಂತ ಸರಿಯಾದ ಲೆಕ್ಕ ಇವತ್ತಿಗೂ ಯಾರೂ ಮಾಡಿ ತೋರಿಸಿಲ್ಲ.

ಮಾರನೆ ಬೆಳಿಗ್ಗೆ ಕೆಡಹುವವರು ಎದ್ದು ತೋಳು ಮಡಿಸುವ ಹೊತ್ತಿಗೆ ಅವಳು ನೋಡುವವರನ್ನು ಕರೆದುಕೊಂಡು ಬಂದಳು. "ಬನ್ನಿ, ನಿಧಾನ ಬನ್ನಿ, ತಲೆ ಬಗ್ಗಿಸಿ ಬನ್ನಿ." ಅಳುವಜ್ಜಿಯ ಬಾಗಿಲು ಮುಚ್ಚಿತ್ತು. ಅವಳು ಮುಚ್ಚಿದ ಬಾಗಿಲ ಮುಂದೆ ಕೊಡೆ ಎತ್ತಿ ನಿಂತು ಹೇಳತೊಡಗಿದಳು. ಕರೆಯದೆ ಬರುವುದನ್ನು ಹೇಳಿದಳು. ಕಾಲು ಚಾಚಿ ಕೂರುವುದನ್ನು ಹೇಳಿದಳು. ಏನು ತಿನ್ನುವ ಆಸೆ ಎಂದು ಕೇಳುವುದನ್ನು, ಸೀದ ಮೀನನ್ನು, ನಗು ತಿರುಗಿ ಅಳುವಾಗುವುದನ್ನು, ಬಟ್ಟೆಯ ಅಂಚನ್ನು ಹೇಳಿದಳು. ತನ್ನ ಅಮ್ಮ ಸತ್ತ ದಿನ ಅಜ್ಜಿ ತನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮನ ಸೆರಗಿನ ಅಂಚನ್ನು ತನ್ನ ಪುಟ್ಟ ಮುಷ್ಟಿಯೊಳಗೆ ತುರುಕಿದ್ದನ್ನೂ ಹೇಳಿದಳು. ಹೇಳಬೇಕಾಗಿರಲಿಲ್ಲ. ಆದರೆ ಕಡಿಮೆ ಹೇಳಿದರೆ ಸುಳ್ಳಾದೀತೆಂದು ಹೆದರಿಕೊಂಡಳು.

ನಡುವೆ ಬಾಗಿಲು ತೆರೆಯಿತು. ಅಜ್ಜಿ ಹೊಸ್ತಿಲಲ್ಲಿ ನಿಂತು ಕೊನೆಯವರೆಗೂ ಕೇಳಿದಳು. ತಡೆಯಲಿಲ್ಲ. ಅವಳ ಮುಖದಲ್ಲಿ ಕೋಪ ಕಾಣುತ್ತದೆಂದು ತೋರುವವಳು ಕಾದಳು. ಕಂಡದ್ದು ಬರಿಯ ಕುತೂಹಲ, ಬೇರೆ ಯಾರದೋ ಸುದ್ದಿ ಕೇಳುವವರದು.

ನೋಡುವವರೆಲ್ಲ ಅತ್ತರು. ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ಅಷ್ಟು ಚೆಂದದ ಅಳುವನ್ನು ಆ ಓಣಿ ಬಹಳ ದಿನಗಳಿಂದ ಕೇಳಿರಲಿಲ್ಲ. ಸಂಜೆ ಓಣಿಯ ಎಲ್ಲ ಬಾಗಿಲುಗಳಿಗೂ ನೀಲಿ ಬಿಲ್ಲೆ ಬಂತು. ಕೆಡಹುವವರು ಹಾರೆ ಹೆಗಲಿಗೇರಿಸಿ, ಅವಳಿಗೆ ನಮಸ್ಕಾರ ಹೇಳಿ, ಬೇರೆ ಊರಿಗೆ ಹೊರಟುಹೋದರು. ಹಳೇಪೇಟೆ ಉಳಿಯಿತು.

ಅಪ್ಪ ಸತ್ತದ್ದು ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ. ತನ್ನ ಮಂಚದ ಮೇಲೆ, ತನ್ನ ಕಿಟಕಿಯ ಪಕ್ಕ, ರಾಟೆಯ ಸದ್ದು ಕೇಳುತ್ತಲೇ ಸತ್ತ. "ಮಗ್ಗದವರ ಸೊಸೆ" ಎಂದ. ಹಗ್ಗ ಜಾರಿತೋ ಇಲ್ಲವೋ ಹೇಳಲಿಲ್ಲ. ಅವನು ಕೇಳಿದ್ದೆಲ್ಲ ಅವನಿಗೆ ಸಿಕ್ಕಿತ್ತು.

ಪೇಟೆಯೆಲ್ಲ ಬಂತು. ಅವನ ನೀರು ಕುಡಿಯದವರು ಯಾರಿದ್ದರು? ಭಟ್ಟಿಯವನು ಬಂದ. ಗಂಡಿಯ ಆಚೆಯಾಕೆ ಬಂದಳು, ಈಚೆಯಾಕೆ ಬಂದಳು, ಬೇರೆಬೇರೆಯಾಗಿ ಬಂದು ಬೇರೆಬೇರೆ ಗೋಡೆಗೆ ಒರಗಿ ನಿಂತರು. ತೋರುವವಳು ಅಪ್ಪನ ಕಾಲ ಬಳಿ ಕೂತಿದ್ದಳು. ಅವಳಿಗೆ ಅಳು ಬರುತ್ತಿರಲಿಲ್ಲ. ಅವಳು ಬಾಗಿಲನ್ನೇ ನೋಡುತ್ತಿದ್ದಳು.

ಅಳುವಜ್ಜಿ ಬಂದಳು. ಕರೆಯದೆ ಬಂದಳು, ಅಥವಾ ಎಲ್ಲರೂ ಹೋಗುತ್ತಿದ್ದಾರೆಂದು ಬಂದಳು. ತಲೆ ಬಗ್ಗಿಸಿ ಒಳಗೆ ಬಂದು ಅಪ್ಪನ ತಲೆಯ ಹತ್ತಿರ ಕೂತಳು. ಕಾಲು ಚಾಚಿದಳು. ಅಜ್ಜಿ ಬಾಯಿ ತೆರೆದಳು.

"ಇಲ್ಲಿ ಯಾರಾದರೂ ತೀರಿಕೊಂಡರೆ" ಎಂದಳು ಅಜ್ಜಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, "ಒಬ್ಬ ಮುದುಕಿ ಕರೆಯದೆಯೇ ಬರುತ್ತಾಳೆ. ಕಾಲು ಚಾಚಿ ಕೂರುತ್ತಾಳೆ. ಸತ್ತವರಿಗೆ ಏನು ತಿನ್ನುವ ಆಸೆಯಿತ್ತೆಂದು ಕೇಳುತ್ತಾಳೆ."

ಅದು ತೋರುವವಳ ದನಿ. ಏರಿಸುವ ಕಡೆ ಏರಿಸಿ, ಇಳಿಸುವ ಕಡೆ ಇಳಿಸಿ.

"ಕೇಳಿ ಅಜ್ಜಿ" ಎಂದಳು ತೋರುವವಳು, ಮಂಡಿಯೂರಿ ಅವಳ ಹತ್ತಿರ ಸರಿದು. "ಕೇಳಿ. ಅವನಿಗೆ ಸುಟ್ಟ ಬದನೆಕಾಯಿ ಅಂದ್ರೆ ಆಸೆ. ಸಿಪ್ಪೆ ಸಮೇತ ತಿನ್ನೋನು. ಬೈಯಿರಿ ಅವನನ್ನ."

"ಯಾಕೆ ಬೈಯಬೇಕು ಮಗಳೇ?" ಎಂದಳು ಅಜ್ಜಿ. "ಬದನೆಕಾಯಿ ತಿನ್ನೋದು ತಪ್ಪಾ?"

ತೋರುವವಳು ಅಪ್ಪನ ಪಂಚೆಯ ಅಂಚನ್ನು ಹಿಡಿದು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೆ ನೂಲು" ಎಂದಳು. ಅಂಚು ಕೈಯಿಂದ ಕೈಗೆ ಹೋಯಿತು. ಭಟ್ಟಿಯವನು ಹಿಡಿದ, ಮಗ್ಗದ ಮನೆಯಾಕೆ ಹಿಡಿದಳು, ಉಪ್ಪಿನ ಮನೆಯಾಕೆ ಹಿಡಿದಳು. ಯಾರ ಕಣ್ಣೂ ಒಡೆಯಲಿಲ್ಲ. ಯಾರೋ ಕೆಮ್ಮಿದರು. ಯಾರೋ ಬಿಸಿಲು ಜಾಸ್ತಿ ಎಂದರು. ಎಲ್ಲರ ಮುಖವೂ ನೋವಿನಿಂದ ಸೊಟ್ಟಗಾಗಿತ್ತು. ಸೊಟ್ಟಗಾಗಿ ಅಲ್ಲೇ ನಿಂತಿತ್ತು, ಸೀನು ಬಾರದೆ ನಿಂತ ಮುಖಗಳ ಹಾಗೆ.

ಆಗ ಓಣಿಯಲ್ಲಿ ಮೆತ್ತನೆಯ ಮಾತು ಕೇಳಿಸಿತು. ಅವತ್ತಿನ ನೋಡುವವರು ಪೇಟೆಯ ಬಾಗಿಲಲ್ಲಿ ಕಾದು ಕಾದು ತಾವಾಗಿಯೇ ಒಳಗೆ ಬಂದಿದ್ದರು. ಯಾರೂ ಕೊಡೆ ಎತ್ತಿರಲಿಲ್ಲ, ಆದರೂ ತಲೆ ಬಗ್ಗಿಸಿ ಬಂದರು. ಮಂಚ ನೋಡಿದರು. ಮಂಚದ ಮೇಲಿನ ಮುದುಕನನ್ನು ನೋಡಿದರು. ತೋರುವವಳನ್ನು ನೋಡಿದರು. ಮತ್ತು ಅವರು ಅತ್ತರು. ಬಿಕ್ಕಿ ಬಿಕ್ಕಿ ಅತ್ತರು. ಪೇಟೆಯವರು ಅವರಿಗೆ ದಾರಿ ಬಿಟ್ಟುಕೊಟ್ಟು ಗೋಡೆಗೆ ಸರಿದು ನಿಂತು, ಅವರು ಅಳುವುದನ್ನು ನೋಡಿದರು. ಹೆಗಲು ಹೇಗೆ ಕುಣಿಯುತ್ತದೆ, ಬಾಯಿ ಹೇಗೆ ಅಗಲವಾಗುತ್ತದೆ, ನೀರು ಮೊದಲು ಯಾವ ಕಣ್ಣಿಂದ ಬರುತ್ತದೆ ಎಂದು ಒಬ್ಬರೂ ಮಿಸುಕದೆ ನೋಡಿದರು.

ನೋಡುವವರಲ್ಲಿ ಒಬ್ಬಳು ನಡುವಯಸ್ಸಿನ ಹೆಂಗಸು ತೋರುವವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮಪ್ಪ ಸತ್ತಾಗಲೂ ನಾನು ಇಷ್ಟು ಅತ್ತಿರಲಿಲ್ಲ" ಎಂದಳು. "ನಿಮ್ಮಿಂದ ಕಲಿತೆ."

"ಹೇಗೆ ಶುರುಮಾಡ್ತೀರಿ?" ಎಂದು ಕೇಳಿದಳು ತೋರುವವಳು. "ಮೊದಲು ಏನು ಮಾಡಬೇಕು?"

ಆ ಹೆಂಗಸಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಪಾಪ, ದುಃಖದಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡು ಮತ್ತಷ್ಟು ಅತ್ತಳು. ಅತ್ತು, ಕಣ್ಣು ಮೂಗು ಒರೆಸಿಕೊಂಡ ಕರವಸ್ತ್ರವನ್ನು ಅವಳ ಕೈಯಲ್ಲಿಟ್ಟು, ಬೆರಳು ಮಡಿಸಿ, "ಇಟ್ಟುಕೊಳ್ಳಿ" ಎಂದು ಹೊರಟುಹೋದಳು.

ಕರವಸ್ತ್ರ ತೊಯ್ದು ಹಿಂಡುವ ಹಾಗಿತ್ತು. ತೋರುವವಳು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಎತ್ತಿ ತನ್ನ ಕಣ್ಣಿಗೆ ಒತ್ತಿಕೊಂಡಳು, ಮೊದಲು ಒಂದು, ಆಮೇಲೆ ಇನ್ನೊಂದು. ತಣ್ಣಗಾಯಿತು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು.

ಭಟ್ಟಿಯವನು ಅದನ್ನು ನೋಡುತ್ತಿದ್ದ. ಹತ್ತಿರ ಬಂದು ಮೆಲ್ಲಗೆ ಕೈ ಚಾಚಿದ.

"ತಂಗಿ, ನನಗೂ ಒಂಚೂರು ಕೊಡು. ಅಪ್ಪಯ್ಯ ನನಗೂ ನೀರು ಕೊಟ್ಟೋನು."

ಅವಳು ಕೊಟ್ಟಳು. ಅವನು ಕಣ್ಣಿಗೆ ಒತ್ತಿಕೊಂಡು ಪಕ್ಕದವನಿಗೆ ಕೊಟ್ಟ. ಅವನು ಒತ್ತಿಕೊಂಡು ಉಪ್ಪಿನ ಮನೆಯಾಕೆಗೆ ಕೊಟ್ಟ. ಅವಳು ಒತ್ತಿಕೊಂಡು, ಒಂದು ಗಳಿಗೆ ತಡೆದು, ಎದುರು ಗೋಡೆಗೆ ಒರಗಿದ್ದ ಮಗ್ಗದ ಮನೆಯಾಕೆಗೆ ಕೊಟ್ಟಳು. ಹಾಗೆ ಅದು ಮನೆಯ ಒಳಗಿದ್ದವರನ್ನೆಲ್ಲ ಸುತ್ತಿ, ಹೊರಗೆ ಬಿಸಿಲಲ್ಲಿ ನಿಂತಿದ್ದವರನ್ನು ಸುತ್ತಿ, ಮತ್ತೆ ಒಳಗೆ ಬಂದು ಎಲ್ಲರಿಗಿಂತ ಕೊನೆಗೆ ಅಳುವಜ್ಜಿಯ ಕೈ ಸೇರಿತು.

ಅಜ್ಜಿ ಅದನ್ನು ಬಿಡಿಸಿ, ಎರಡೂ ಕಣ್ಣಿನ ಮೇಲೆ ಹರಡಿಕೊಂಡು ಕಾದಳು. ಆಮೇಲೆ ತೆಗೆದು, ನಾಲ್ಕು ಮಡಿಕೆ ಮಾಡಿ, ತೋರುವವಳಿಗೆ ವಾಪಸು ಕೊಟ್ಟಳು.

"ಒಣಗಿದೆ ಮಗಳೇ" ಎಂದಳು.